ಬಸೀಲಿಯಾಳ ಮಂಡಿಮೂಳೆ

ಶವಪೆಟ್ಟಿಗೆಯ ನಾಲ್ಕು ಮೂಲೆಗೆ ನಾಲ್ವರು ಗಂಡಸರು ಬಗ್ಗಿ "ಹ್ಞೂಂ, ಎತ್ತಿ" ಅನ್ನುವಷ್ಟರಲ್ಲಿ ಲಿಗಿಯಾ ಬಂದು ಅದರ ಮೇಲೆ ಕೂತುಬಿಟ್ಟಳು. ಅಮ್ಮನ ಕಾಲಿನ ಕಡೆ, ಕೈ ಕಟ್ಟಿಕೊಂಡು, ಬಸ್ಸಿಗೆ ಕಾಯುವವಳ ಹಾಗೆ ಕೂತಳು.

"ಈಗ ಎತ್ತಿ ನೋಡೋಣ," ಅಂದಳು.

ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಂಡು ಎರ್ಮಿಲಾಳ ಮುಖ ನೋಡಿದರು. ಆ ಮನೆಯಲ್ಲಿ ಏನಾಗಬೇಕಾದರೂ ಎಲ್ಲರೂ ಮೊದಲು ನೋಡುವುದು ಎರ್ಮಿಲಾಳ ಮುಖವನ್ನೇ. ಸತ್ತವಳು ಬಸೀಲಿಯಾ. ಅಳಬೇಕಾದವನು ಅವಳ ಗಂಡ ದಾಮಸೋ. ಯಜಮಾನಿಕೆ ಮಾತ್ರ ದಾಮಸೋನ ಅಕ್ಕ ಎರ್ಮಿಲಾಳದು. ನಮ್ಮ ಪೊಮುಚ್‌ನ ಅರ್ಧ ಊರು ತಿನ್ನುವುದು ಅವಳ ಬೇಕರಿಯ ಬನ್ನು. ತಮ್ಮ, ತಮ್ಮನ ಹೆಂಡತಿ ಇಬ್ಬರೂ ಅಲ್ಲೇ ದುಡಿದು ಮುದುಕರಾದವರು.

ಬಾಗಿಲಲ್ಲಿ ಬಿಳಿ ವ್ಯಾನೊಂದು ನಿಂತಿತ್ತು. ಕಂಪೇಚೆ ಪಟ್ಟಣದಿಂದ ಬಂದ ವ್ಯಾನು. ಅಲ್ಲಿ ಈಗ ಹೆಣ ಸುಡುವ ವ್ಯವಸ್ಥೆ ಬಂದಿದೆಯಂತೆ, ಗ್ಯಾಸಿನ ಒಲೆಯಂತೆ. ಎರ್ಮಿಲಾ ಯಾರನ್ನೂ ಕೇಳದೆ ಬೆಳಿಗ್ಗೆಯೇ ಫೋನು ಮಾಡಿ ತರಿಸಿದ್ದಳು.

"ಎದ್ದೇಳೇ ಲಿಗಿಯಾ. ನಾಲ್ಕು ಜನರ ಮುಂದೆ ಮಾನ ತೆಗೀಬೇಡ," ಅಂದಳು ಎರ್ಮಿಲಾ.

"ವ್ಯಾನ್ ವಾಪಸ್ ಕಳ್ಸಿ ಅತ್ತೆ, ಏಳ್ತೀನಿ."

"ಈಗಿನ ಕಾಲದಲ್ಲಿ ಎಲ್ರೂ ಸುಡೋದೇ ಕಣೇ. ಚೊಕ್ಕವಾಗಿರುತ್ತೆ. ಸಂಜೆ ಹೊತ್ತಿಗೆ ಒಂದು ಪುಟ್ಟ ಡಬ್ಬಿ ಕೊಡ್ತಾರೆ, ದೇವರ ಫೋಟೋ ಪಕ್ಕ ಇಟ್ಕೊ. ಪಟ್ಟಣದಲ್ಲಿ ದೊಡ್ಡ ದೊಡ್ಡ ಮನೆಯವರೇ..."

"ಪಟ್ಟಣದವರಿಗೆ ಮೂಳೆ ಒರೆಸೋಕೆ ಬರಲ್ಲ ಅತ್ತೆ. ನಮಗೆ ಬರುತ್ತೆ."

ಗೋಡೆ ಪಕ್ಕದ ಬೆಂಚಿನ ಮೇಲೆ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳಿಸುತ್ತಿದ್ದ ಮುದುಕಿ ತೊಮಾಸಾ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ದೇವರು ಸ್ವಲ್ಪ ಕಾದರೂ ನಡೆಯುತ್ತದೆ, ಜಗಳ ಕಾಯುವುದಿಲ್ಲ.

"ಅಲ್ವೇ ಎರ್ಮಿಲಾ, ನಿಮ್ಮಪ್ಪನ್ನ ಸುಟ್ಯಾ? ನಿಮ್ಮಮ್ಮನ್ನ ಸುಟ್ಯಾ? ಅವ್ರನ್ನ ವರ್ಷಾವರ್ಷ ಒರೆಸಿ, ಹೊಸ ಕಸೂತಿ ಬಟ್ಟೆ ಹಾಸಿ, ಮಕ್ಕಳ ಥರ ಕೂರಿಸ್ತೀಯ. ತಮ್ಮನ ಹೆಂಡ್ತಿ ಸರದಿ ಬಂದಾಗ ಮಾತ್ರ ಕಾಲ ಬದಲಾಗೋಯ್ತಾ?"

ಹೆಂಗಸರು ಕಾಫಿ ಲೋಟದೊಳಗೆ ಮೂಗು ತೂರಿಸಿ ನಕ್ಕರು. ಅವರ ಕೈಯಲ್ಲಿದ್ದ ಬನ್ನು ಎರ್ಮಿಲಾಳ ಬೇಕರಿಯದೇ. ಆದರೆ ತಿಂದ ಬನ್ನಿಗೆ ಬಾಯಿ ಕಟ್ಟುವ ಶಕ್ತಿ ಇಲ್ಲ.

ನಮ್ಮೂರಿನಲ್ಲಿ ಸತ್ತವರನ್ನು ಮಣ್ಣಿಗೆ ಕೊಡುವುದು ಮೂರು ವರ್ಷದ ಮಟ್ಟಿಗೆ ಮಾತ್ರ. ಆಮೇಲೆ ತೆಗೆದು, ಮೂಳೆಗಳನ್ನು ಒಂದೊಂದಾಗಿ ಬ್ರಷ್ಷಿನಿಂದ ಒರೆಸಿ, ಮರದ ಪೆಟ್ಟಿಗೆಯಲ್ಲಿ ಜೋಡಿಸಿ, ಸ್ಮಶಾನದ ಪುಟ್ಟ ಗೂಡಿನಲ್ಲಿ ಮುಚ್ಚಳ ತೆರೆದೇ ಇಡುತ್ತೇವೆ. ಸತ್ತವರ ಹಬ್ಬಕ್ಕೆ ಮುಂಚೆ ಪ್ರತಿವರ್ಷ ಮತ್ತೆ ಒರೆಸುತ್ತೇವೆ. ಆಗ ಊರಿಗೆ ಊರೇ ಸ್ಮಶಾನದಲ್ಲಿರುತ್ತದೆ. ಅವರ ಅಜ್ಜಿಯನ್ನು ಇವರು ನೋಡಿ, ಇವರ ಮಾವನನ್ನು ಅವರು ನೋಡಿ ಮಾತಾಡಿಸುತ್ತಾರೆ. ಒರೆಸದೆ ಬಿಟ್ಟರೆ ಸತ್ತವರು ಸಿಟ್ಟಾಗಿ ಎದ್ದು ಬೀದಿ ಅಲೆಯುತ್ತಾರೆ. ಸುಟ್ಟರೆ ಒರೆಸಲು ಏನು ಉಳಿಯುತ್ತದೆ?

ಎರ್ಮಿಲಾಳಿಗೆ ಬೇಕಾಗಿದ್ದುದೂ ಅದೇ. ಚೊಕ್ಕವೂ ಅಲ್ಲ, ಕಾಲವೂ ಅಲ್ಲ. ಬಸೀಲಿಯಾಳ ಮಂಡಿ ಯಾರ ಕಣ್ಣಿಗೂ ಬೀಳಬಾರದಾಗಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

*

ಬಸೀಲಿಯಾ ಮದುವೆಯಾಗಿ ಬಂದ ಮಾರನೆಯ ದಿನವೇ ಹಿಟ್ಟು ನಾದುವ ಮರಿಗೆಯ ಮುಂದೆ ನಿಂತವಳು. ಕೆಳಗೆ ಸಿಮೆಂಟು ನೆಲ, ಬೆನ್ನ ಹಿಂದೆ ಸೌದೆ ಒಲೆಯ ಕಾವು. ಕೋಳಿ ಕೂಗುವುದಕ್ಕೆ ಮುಂಚೆ ನಿಂತರೆ ಕೊನೆಯ ಬನ್ನು ಮಾರಿಹೋಗುವ ತನಕ ನಿಂತೇ ಇರಬೇಕು. ಮೈದಾ ಮೂಟೆ ಬಂದ ದಿನ ಹೊರುವುದೂ ಅವಳೇ. ಗಲ್ಲಾಪೆಟ್ಟಿಗೆಯ ಹಿಂದೆ, ದಿಂಬು ಹಾಕಿದ ಕುರ್ಚಿಯಲ್ಲಿ, ಎರ್ಮಿಲಾ.

ನಲವತ್ತು ದಾಟುವ ಹೊತ್ತಿಗೆ ಬಸೀಲಿಯಾಳ ಮಂಡಿ ಊದತೊಡಗಿತು. ಬೆಳಿಗ್ಗೆ ಎದ್ದಾಗ ಕಾಲು ಮಡಚಲು ಬರುತ್ತಿರಲಿಲ್ಲ. ಬಲವಂತವಾಗಿ ಮಡಚಿದರೆ ಹಳೇ ರಸ್ಕು ಮುರಿದ ಹಾಗೆ ಒಳಗೆ ಕಟಕಟ ಅನ್ನುತ್ತಿತ್ತು.

"ಅತ್ತಿಗೆ, ನಿಲ್ಲೋಕಾಗ್ತಿಲ್ಲ," ಅಂದಳು ಒಂದು ದಿನ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಅಂದಳು ಎರ್ಮಿಲಾ, ಅಂಗಡಿಯ ಗಿರಾಕಿಗಳಿಗೆಲ್ಲ ಕೇಳುವಂತೆ. "ಊಟಕ್ಕೆ ಕೂತಾಗ ನಿನ್ನ ಮಂಡಿ ಚೆನ್ನಾಗೇ ಮಡಚುತ್ತಲ್ಲೇ!"

ದಾಮಸೋ ಹೆಂಡತಿಗಾಗಿ ಒಂದು ಸ್ಟೂಲು ಮಾಡಿದ. ಮರಿಗೆಯ ಎತ್ತರಕ್ಕೆ ಸರಿಯಾಗಿ, ದೇವದಾರಿನ ಹಲಗೆಯಲ್ಲಿ, ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿ. ಬಸೀಲಿಯಾ ಅದರ ಮೇಲೆ ಕೂತು ನಾದಿದ್ದು ಒಂದೇ ಒಂದು ಬೆಳಿಗ್ಗೆ.

ಎರ್ಮಿಲಾ ಒಳಗೆ ಬಂದು ನೋಡಿದಳು. "ಏಳು," ಅಂದಳು. ಬಸೀಲಿಯಾ ಎದ್ದಳು. ಎರ್ಮಿಲಾ ಸ್ಟೂಲನ್ನು ಎತ್ತಿಕೊಂಡು ಒಲೆಯ ಬಾಯಲ್ಲಿ ನಿಂತಿದ್ದ ತಮ್ಮನ ಕೈಗೆ ಕೊಟ್ಟು, "ಹಾಕು," ಅಂದಳು.

ದಾಮಸೋ ಅಕ್ಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಹಾಕಿದ. ಆ ಗಂಡಸನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ತಾನೇ ಮಾಡಿದ ಸ್ಟೂಲನ್ನು ತಾನೇ ಒಲೆಗೆ ಹಾಕಿದ. ಅದರ ಬೆಂಕಿಯಲ್ಲಿ ಅವತ್ತಿನ ಬನ್ನು ಬೆಂದಿತು.

"ಕೂತು ನಾದಿದ ಹಿಟ್ಟು ಉಬ್ಬಲ್ಲ," ಅಂದಳು ಎರ್ಮಿಲಾ. ಆಮೇಲೆ ಗಿರಾಕಿಗಳಿಗೆ, "ತಗೊಳ್ಳಿ, ಇವತ್ತಿನ ಬನ್ನಿಗೆ ದೇವದಾರಿನ ಪರಿಮಳ ಇದೆ. ನಮ್ಮ ಸ್ಟೂಲು ರಾಣಿ ಕೊಡುಗೆ," ಅಂತ ನಕ್ಕಳು. ಬನ್ನು ಕೊಳ್ಳಲು ಬಂದವರೂ ನಕ್ಕರು. ಸ್ಟೂಲು ರಾಣಿ ಅನ್ನುವ ಹೆಸರು ಮಾತ್ರ ಬಸೀಲಿಯಾಳಿಗೆ ಸಾಯುವ ತನಕ ಅಂಟಿಕೊಂಡಿತು. ಮಾರುಕಟ್ಟೆಯಲ್ಲಿ ಎಳೆಯ ಹುಡುಗಿಯರು ಕೂಡ "ಬನ್ನಿ ರಾಣಿಯವರೇ, ಕೂತ್ಕೊಳ್ಳಿ" ಅನ್ನುತ್ತಿದ್ದರು.

*

"ಅವಳು ಸಾಯೋಕೆ ಮುಂಚೆ ಏನು ಕೇಳ್ಕೊಂಡ್ಳು ಅಂತ ನೆನಪಿದೆಯಾ ಎರ್ಮಿಲಾ?" ತೊಮಾಸಾ ಬೆಂಚಿನಿಂದ ಎದ್ದು ಪೆಟ್ಟಿಗೆಯ ಹತ್ತಿರ ಬಂದಿದ್ದಳು.

"ಸಾಯೋರು ನೂರು ಮಾತಾಡ್ತಾರೆ. ಜ್ವರದಲ್ಲಿದ್ಳು."

"ಜ್ವರದಲ್ಲಿ ನಿನ್ನ ಹೆಸರು ಸರಿಯಾಗೇ ಹೇಳಿದ್ಳಲ್ಲ!"

ಹೇಳಿದ್ದಳು. ಮೊನ್ನೆ ಪಾದ್ರಿ ಬಂದು ಸಾಯುವವರಿಗೆ ಹಚ್ಚುವ ಎಣ್ಣೆ ಹಚ್ಚಿ ಹೋದ ಮೇಲೆ, ಕೋಣೆಯಲ್ಲಿ ಇಷ್ಟೂ ಜನ ಇರುವಾಗಲೇ, ಬಸೀಲಿಯಾ ಅತ್ತಿಗೆಯ ಕೈ ಹಿಡಿದುಕೊಂಡಿದ್ದಳು. "ಅತ್ತಿಗೆ, ನನ್ನ ಮೂಳೆ ನೀವೇ ಒರೆಸ್ಬೇಕು. ಬೇರೆಯವರ ಕೈ ಬೇಡ. ಮಂಡಿಯಿಂದ ಶುರು ಮಾಡಿ." ಎರ್ಮಿಲಾಳ ಕಣ್ಣಲ್ಲಿ ನೀರು ಬಂದಿತ್ತು. ಕೊನೆಗಾಲದಲ್ಲಾದರೂ ಇವಳಿಗೆ ನನ್ನ ಬೆಲೆ ತಿಳಿಯಿತಲ್ಲ ಅಂತ ಉಬ್ಬಿ, ಎಲ್ಲರ ಮುಂದೆ, ಶಿಲುಬೆ ಮುಟ್ಟಿ, "ಆಯ್ತು" ಅಂದಿದ್ದಳು. ಮನೆಗೆ ಹೋಗಿ ಬಿಸಿ ಚಾಕೊಲೇಟು ಕುಡಿಯುತ್ತ ಕೂತಾಗ ಅವಳಿಗೆ ಹೊಳೆಯಿತು, ಅದು ಮರ್ಯಾದೆಯಲ್ಲ, ಕುಣಿಕೆ ಅಂತ. ಲೋಟ ಅಲ್ಲೇ ಇಟ್ಟಳಂತೆ. ಆ ಮನೆಯ ಕೆಲಸದವಳೇ ಹೇಳಿದ್ದು.

"ಅಮ್ಮ ಬೇರೆ ಏನೂ ಕೇಳ್ಲಿಲ್ಲ ಅತ್ತೆ," ಅಂದಳು ಲಿಗಿಯಾ. "ಸೀರಿಯಸ್ಸಾಗಿದ್ದಾಗ ದೊಡ್ಡಾಸ್ಪತ್ರೆ ಕೇಳ್ಲಿಲ್ಲ. ಹೊಸ ಬಟ್ಟೆ ಕೇಳ್ಲಿಲ್ಲ. ಅವಳನ್ನ ಸುಳ್ಳುಗಾತಿ ಅಂದ್ರಲ್ಲ, ಅದನ್ನ ವಾಪಸ್ ತಗೊಳ್ಳಿ ಅಂತ್ಲೂ ಕೇಳ್ಲಿಲ್ಲ. ಒಂದ್ಸಲ ಮುಟ್ಟಿ ನೋಡ್ಲಿ ಅಂದ್ಳು ಅಷ್ಟೇ. ಸ್ಟೂಲ್ ಸುಟ್ರಿ. ಫೋಟೋ ಕತ್ತರಿಸಿದ್ರಿ. ಈಗ ಅವಳನ್ನೂ ಸುಡ್ಬೇಕಾ?"

*

ಫೋಟೋ ಅಂದರೆ ಎಕ್ಸ್‌ರೇ. ದೊಡ್ಡ ಸೂರ್ಯಗ್ರಹಣವಾದ ವರ್ಷದ ಮಾತು ಅದು. ಊರಿನ ದವಾಖಾನೆಗೆ ರಾಜಧಾನಿಯಿಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದಳು. ಬಸೀಲಿಯಾಳ ಮಂಡಿ ಒತ್ತಿ ನೋಡಿ, ಪಟ್ಟಣಕ್ಕೆ ಕಳಿಸಿ ಫೋಟೋ ತೆಗೆಸಿದಳು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು.

"ನೋಡಮ್ಮ, ತೊಡೆ ಮೂಳೆ ಇದು, ಕೆಳಗಿಂದು ಕಣಕಾಲಿನ ಮೂಳೆ. ಇವೆರಡರ ಮಧ್ಯೆ ಮೆತ್ತೆ ಥರ ಒಂದು ನುಣುಪಾದ ಪದರ ಇರ್ಬೇಕು. ನಿಂತೂ ನಿಂತೂ ನಿಮ್ಮದು ಸವೆದುಹೋಗಿದೆ. ಈಗ ಮೂಳೆ ಮೇಲೇ ಮೂಳೆ ಉಜ್ತಾ ಇದೆ."

"ಈ ಪಕ್ಕದಲ್ಲಿ ಕೊಂಬಿನ ಥರ ಇದೆಯಲ್ಲ, ಇದೇನು ತಾಯಿ?"

"ಅದೇ ನಿಮ್ಮ ನೋವು. ಮೆತ್ತೆ ಸವೆದರೆ ಕೀಲು ಅಲುಗಾಡುತ್ತೆ. ದೇಹ ಅದನ್ನ ಗಟ್ಟಿ ಮಾಡೋಕೆ ಹೋಗುತ್ತೆ. ಮೂಳೆಯ ಅಂಚಲ್ಲಿ ಮೊದಲು ಮೆತ್ತಗೆ ಒಂದು ಮೊಳಕೆ ಬರುತ್ತೆ, ಆಮೇಲೆ ಅದೇ ನಿಧಾನವಾಗಿ ಮೂಳೆಯಾಗುತ್ತೆ. ಭಾರ ಹೊರೋಕೆ ಜಾಗ ಅಗಲ ಮಾಡ್ಕೊಳ್ಳೋದು. ಪಾಪ, ರಿಪೇರಿ ಮಾಡೋಕೆ ಹೋಗಿ ಇನ್ನಷ್ಟು ಚುಚ್ಚುತ್ತೆ."

ಬಸೀಲಿಯಾ ಬಹಳ ಹೊತ್ತು ನೋಡಿದಳು. "ಮರಿಗೆ ಅಂಚಲ್ಲಿ ಹಿಟ್ಟು ಒಣಗಿ ಗಟ್ಟಿಯಾಗುತ್ತಲ್ಲ, ಹಾಗೆ," ಅಂದಳು.

"ಹ್ಞಾ, ಹೆಚ್ಚು ಕಡಿಮೆ ಹಾಗೇ."

"ಮಾತ್ರೆ ತಗೊಂಡ್ರೆ ಕರಗುತ್ತಾ?"

"ನೋವು ಕಡಿಮೆಯಾಗುತ್ತೆ. ಕೂತು ಕೆಲಸ ಮಾಡಿ, ಭಾರ ಎತ್ತಬೇಡಿ. ಆದ್ರೆ ಬೆಳೆದ ಮೂಳೆ ಎಲ್ಲಿಗೂ ಹೋಗಲ್ಲ. ಅದು ನಿಮ್ಮ ಜೊತೇನೇ ಇರುತ್ತೆ."

"ಸತ್ತ ಮೇಲೂ?"

ಪರವೂರಿನ ಹುಡುಗಿಗೆ ನಗು ಬಂತು. "ಸತ್ತ ಮೇಲೆ ಯಾರಮ್ಮ ನಿಮ್ಮ ಮಂಡಿ ನೋಡ್ತಾರೆ?"

ಬಸೀಲಿಯಾ ಕೂಡ ನಕ್ಕಳು. ಅವಳು ಅಷ್ಟು ಚೆನ್ನಾಗಿ ನಕ್ಕದ್ದನ್ನು ಆಮೇಲೆ ಯಾರೂ ನೋಡಿದ್ದಿಲ್ಲ ಅಂತ, ಅಮ್ಮನ ಜೊತೆ ಹೋಗಿದ್ದ ಲಿಗಿಯಾ ಹೇಳುತ್ತಿರುತ್ತಾಳೆ.

ಆ ಫೋಟೋವನ್ನು ಬಸೀಲಿಯಾ ಎದೆಗವಚಿಕೊಂಡು ಬೇಕರಿಗೆ ತಂದಳು. ಎರ್ಮಿಲಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲರ ಮೂಳೇನೂ ಹೀಗೇ ಇರುತ್ತೆ. ಯಾರದೋ ಕಾಲು ತೋರಿಸಿ ನಿನ್ನದು ಅಂದಿದ್ದಾರೆ, ನೀನು ನಂಬ್ಕೊಂಡು ಬಂದಿದ್ದೀಯ," ಅಂದು ಗಲ್ಲಾಪೆಟ್ಟಿಗೆಯ ಕೆಳಗೆ ಎಸೆದಳು. ಗ್ರಹಣದ ದಿನ ಅದೇ ನೆನಪಾಯಿತು. ಕತ್ತರಿ ತಂದು ತುಂಡು ತುಂಡು ಮಾಡಿ, ಸೂರ್ಯನನ್ನು ನೋಡಲು ಎಲ್ಲರಿಗೂ ಒಂದೊಂದು ಹಂಚಿದಳು. ಮಂಡಿ ಇದ್ದ ತುಂಡನ್ನು ತನಗೇ ಇಟ್ಟುಕೊಂಡಳು. ಬೀದಿಯಲ್ಲಿ ನಿಂತು ಮುಖ ಮೇಲೆತ್ತಿ ನೋಡಿದಳು. ಸೂರ್ಯ ಬಸೀಲಿಯಾಳ ಮಂಡಿಯ ಹಿಂದೆ ಕಂತಿ, ಮತ್ತೆ ಎದ್ದ. ಬಸೀಲಿಯಾ ಒಳಗೆ ನಿಂತು ನಾದುತ್ತಿದ್ದಳು. ಅವಳಿಗೆ ತುಂಡು ಸಿಕ್ಕಿರಲಿಲ್ಲ.

ಆ ಮೇಲೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವಳು ಆ ಮರಿಗೆಯ ಮುಂದೆ ನಿಂತೇ ದುಡಿದಳು. ನೋವು ಅಂತ ಒಂದು ಮಾತೂ ಆಡಲಿಲ್ಲ. ಹಲ್ಲು ಕಚ್ಚಿಕೊಂಡು ಬೆಳೆಸಿದಳು, ಒಳಗೊಳಗೇ, ಎರಡೂ ಮಂಡಿಯ ಕೊಂಬನ್ನು.

*

"ಡ್ರೈವರ್! ಒಳಗೆ ಬಾಪ್ಪ," ಎರ್ಮಿಲಾ ಕೂಗಿದಳು. "ಈ ಹುಡುಗೀನ ಇಬ್ಬರು ಹಿಡ್ಕೊಳ್ಳಿ, ನೀವು ಪೆಟ್ಟಿಗೆ ಎತ್ತಿ. ಸಾಕು ಈ ನಾಟಕ."

"ನನ್ನ ಮೈ ಮುಟ್ಟಿ ನೋಡ್ರೋ," ಅಂದಳು ಲಿಗಿಯಾ. ಯಾರೂ ಮುಟ್ಟಲಿಲ್ಲ.

ಡ್ರೈವರು ಒಳಗೆ ಬರಲಿಲ್ಲ. ಅವನ ಬದಲು ಹೊರಗಿನಿಂದ ಉದ್ದಕ್ಕೆ ಬುಸ್ಸ್ ಅನ್ನುವ ಸದ್ದು ಬಂತು. ಆಮೇಲೆ ಅವನ ಕೂಗು. "ಯಜಮಾನ್ರೇ! ಏನ್ ಮಾಡ್ತಿದ್ದೀರಿ? ಬಿಡ್ರೀ!"

ಎಲ್ಲರೂ ಬಾಗಿಲಿಗೆ ನುಗ್ಗಿದರು. ಮುಂದಿನ ಚಕ್ರದ ಪಕ್ಕ ದಾಮಸೋ ಕುಕ್ಕುರುಗಾಲಲ್ಲಿ ಕೂತಿದ್ದ. ಬನ್ನಿನ ಮೇಲೆ ಗೀಟು ಹಾಕುವ ಚೂರಿ ಅವನ ಕೈಯಲ್ಲಿತ್ತು. ಹಿಂದಿನ ಚಕ್ರ ಆಗಲೇ ನೆಲಕ್ಕೆ ಅಂಟಿತ್ತು, ಮುಂದಿನದರ ಗಾಳಿ ಹೋಗುತ್ತಿತ್ತು.

"ಸ್ಟೆಪ್ನಿ ಎಷ್ಟಿದೆ ನಿನ್ನ ಹತ್ರ?" ಅಂತ ಡ್ರೈವರನ್ನು ಕೇಳಿದ.

"ಒಂದೇ ಒಂದು ಇರೋದು."

"ಹಂಗಾದ್ರೆ ಸಾಕು."

"ಏನೋ ಮಾಡ್ದೆ ದಾಮಸೋ? ಹುಚ್ಚು ಹಿಡೀತಾ ನಿಂಗೆ?" ಎರ್ಮಿಲಾ ಚೀರಿದಳು.

ದಾಮಸೋ ಎದ್ದು ನಿಂತ. ಜೀವಮಾನದಲ್ಲಿ ಅಕ್ಕನ ಮುಂದೆ ಅವನು ಒಂದು ಮಾತು ಎದುರಾಡಿದವನಲ್ಲ. ಈಗಲೂ ದನಿ ಏರಿಸಲಿಲ್ಲ.

"ಅವತ್ತೇ ಹಿಡೀಬೇಕಿತ್ತು ಅಕ್ಕ, ಒಲೆ ಮುಂದೆ. ಒಂದ್ಸಲ ನೀನು 'ಹಾಕು' ಅಂದೆ, ಹಾಕ್ದೆ. ಇನ್ನೊಂದ್ಸಲ ಹಾಕಲ್ಲ." ಚೂರಿಯನ್ನು ಅಂಗಿಗೆ ಒರೆಸಿಕೊಂಡ. "ಅವಳು ಮಣ್ಣಿಗೆ ಹೋಗ್ತಾಳೆ. ಮೂರು ವರ್ಷ ಆದ್ಮೇಲೆ ನೀನು ಬ್ರಷ್ ತಗೊಂಡು ಬರ್ತೀಯ. ಶಿಲುಬೆ ಮುಟ್ಟಿದ್ದೀಯ. ಬರ್ದೇ ಇದ್ರೆ ಅವಳು ಎದ್ದು ಬೀದಿ ಅಲೀತಾಳೆ. ಅಲೆದು ಅಲೆದು ಯಾರ ಮನೆ ಬಾಗಿಲಿಗೆ ಬರ್ತಾಳೆ ಅಂತ ನಾನೇನ್ ಹೇಳ್ಬೇಕಾಗಿಲ್ಲ."

ತೊಮಾಸಾ ಶಿಲುಬೆಯ ಗುರುತು ಮಾಡಿಕೊಂಡು, ಬಿಟ್ಟಲ್ಲಿಂದ ಪ್ರಾರ್ಥನೆ ಶುರುಮಾಡಿದಳು. ಲಿಗಿಯಾ ಎದ್ದಳು. ಅದೇ ನಾಲ್ವರು ಮತ್ತೆ ಬಗ್ಗಿದರು, ಈ ಸಲ ದಾಮಸೋನ ಮುಖ ನೋಡಿ.

ಬೇಕರಿಯ ಮುಂದೆ ಹಾದು, ರೈಲು ಹಳಿ ದಾಟಿ, ಮಧ್ಯಾಹ್ನದ ಬಿಸಿಲಲ್ಲಿ ಸ್ಮಶಾನದವರೆಗೂ ಬಸೀಲಿಯಾಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಒಂದು ಹೆಜ್ಜೆಯನ್ನೂ ಅವಳು ತಾನೇ ಇಡಬೇಕಾಗಲಿಲ್ಲ. ಎಲ್ಲರ ಹಿಂದೆ ಕೊಡೆ ಹಿಡಿದು ಎರ್ಮಿಲಾ ಬರುತ್ತಿದ್ದಳು. ಬರದೆ ಏನು ಮಾಡುತ್ತಾಳೆ? ಮಣ್ಣು ಬೀಳುವ ಸದ್ದು ಕೇಳಿದಾಗ ಅಲ್ಲಿ ಅತ್ತವಳು ಅವಳೊಬ್ಬಳೇ. ಅದು ಸತ್ತವಳಿಗಾಗಿ ಅಲ್ಲ ಅಂತ ಕುರುಡರಿಗೂ ಕಾಣುತ್ತಿತ್ತು.

*

ಮೂರು ವರ್ಷ ಕಳೆದು ಸತ್ತವರ ಹಬ್ಬಕ್ಕೆ ಮುಂಚಿನ ಭಾನುವಾರ ಎರ್ಮಿಲಾ ಬಂದಳು. ಹೊಸ ಬ್ರಷ್ಷು, ಬಿಳಿ ಬಟ್ಟೆ, ಹೆಸರು ಕಸೂತಿ ಹಾಕಿಸಿದ ಹಾಸು ಎಲ್ಲ ತಂದಿದ್ದಳು. ಸ್ಮಶಾನ ಕಾಯುವ ಸಿರೀಲೋ ಮೂಳೆಗಳನ್ನು ತೆಗೆದು ಒಣಗಿಸಿ ಒಂದು ಹಳೇ ಚಾಪೆಯ ಮೇಲೆ ಹರಡಿಟ್ಟಿದ್ದ. ಅಕ್ಕಪಕ್ಕದ ಗೂಡುಗಳಲ್ಲಿ ತಮ್ಮ ತಮ್ಮವರನ್ನು ಒರೆಸುತ್ತಿದ್ದವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಬೇಕರಿಯ ಹಳೇ ಗಿರಾಕಿಗಳು ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ.

ಎರ್ಮಿಲಾಳಿಗೆ ಎಂಬತ್ತು ಹತ್ತಿರ. ಚಾಪೆ ನೋಡಿದಳು, ಸಿಮೆಂಟು ನೆಲ ನೋಡಿದಳು.

"ಒಂದು ಸ್ಟೂಲ್ ಇದ್ರೆ ಕೊಡೇ ಲಿಗಿಯಾ. ನೆಲದ ಮೇಲೆ ಕೂರೋಕೆ ನನ್ನ ಕೈಲಿ ಆಗಲ್ಲ."

"ಇದ್ದಿದ್ದು ಒಂದೇ ಅತ್ತೆ," ಅಂದಳು ಲಿಗಿಯಾ. "ಅದು ಸುಟ್ಟೋಯ್ತಲ್ಲ."

ಯಾರೂ ನಗಲಿಲ್ಲ. ದಾಮಸೋ ಆ ಕಡೆ ತಿರುಗಿ ಮೇಣದಬತ್ತಿ ಹಚ್ಚುತ್ತಿದ್ದ. ಎರ್ಮಿಲಾ ಗೂಡಿನ ಗೋಡೆ ಹಿಡಿದು, ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಮಡಚಿ ಮಂಡಿಯೂರಿದಳು. ಬಾಯಿಂದ "ಅಮ್ಮಾ" ಅಂತ ಬಂದುಬಿಟ್ಟಿತು.

"ಮಂಡಿಯಿಂದ," ಅಂತ ಲಿಗಿಯಾ ನೆನಪು ಮಾಡಿ ಬಲಗಾಲಿನ ತೊಡೆ ಮೂಳೆಯನ್ನು ಅವಳ ಕೈಗೆ ಕೊಟ್ಟಳು.

ಎರ್ಮಿಲಾ ಒರೆಸತೊಡಗಿದಳು. ಮೂಳೆಯ ತುದಿಯಲ್ಲಿ, ಎರಡು ಮೂಳೆ ಉಜ್ಜಿದ ಜಾಗ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅದರ ಸುತ್ತ ಅಂಚಿನಲ್ಲಿ ಒರಟಾಗಿ ಏನೋ ಮೆತ್ತಿಕೊಂಡಿತ್ತು. ಎರ್ಮಿಲಾ ಬ್ರಷ್ಷು ಹಾಕಿ ಉಜ್ಜಿದಳು. ಹೋಗಲಿಲ್ಲ.

"ಸುಣ್ಣ ಅಂಟಿದೆ," ಅಂದಳು.

"ಗುಂಡಿಗೆ ನಾನು ಸುಣ್ಣ ಹಾಕಿಲ್ಲ ಅಮ್ಮಾವ್ರೇ," ಅಂದ ಸಿರೀಲೋ.

ಎರ್ಮಿಲಾ ಬಟ್ಟೆ ಒದ್ದೆ ಮಾಡಿ ತಿಕ್ಕಿದಳು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಕೆರೆದಳು, ಮರಿಗೆಯ ಅಂಚಿನ ಒಣಹಿಟ್ಟನ್ನು ಕೆರೆಯುವ ಹಾಗೆ. ಉಗುರು ಮುರಿಯಿತು. ಅದು ಮಾತ್ರ ಒಂದಿಷ್ಟೂ ಕದಲಲಿಲ್ಲ. ಕೊಂಬಿನಂಥ ಚೂಪು ಅವಳ ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತ ಬಂದಾಗ ಅವಳ ಕೈ ನಿಂತಿತು. ಆ ಆಕಾರವನ್ನು ಅವಳು ಹಿಂದೊಮ್ಮೆ ನೋಡಿದ್ದಳು, ಸೂರ್ಯನಿಗೆ ಹಿಡಿದು.

"ಅವಳ ಮಂಡೀಲಿ ಏನೂ ಇರ್ಲಿಲ್ಲ ಅಂದಿದ್ದೆಯಲ್ಲ ಎರ್ಮಿಲಾ," ಅಂದಳು ತೊಮಾಸಾ ಹಿಂದಿನಿಂದ. "ಎಲ್ರಿಗೂ ಕಾಣೋ ಹಾಗೆ ಎತ್ತಿ ಹಿಡಿ."

ಎರ್ಮಿಲಾ ಎತ್ತಿ ಹಿಡಿಯಲಿಲ್ಲ. ಮೂಳೆಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಏಳಲು ನೋಡಿದಳು. ಆಗಲಿಲ್ಲ. ಮತ್ತೆ ನೋಡಿದಳು, ಮಂಡಿ ಕಟಕ್ಕೆಂದಿತು, ಅಲ್ಲೇ ಕುಸಿದಳು. ಸುತ್ತ ನಿಂತವರಲ್ಲಿ ಒಬ್ಬರೂ ಬಗ್ಗಲಿಲ್ಲ.

"ಕೈ ಕೊಡೇ, ಲಿಗಿಯಾ," ಅಂತ ಬಲಗೈ ಮೇಲೆ ಚಾಚಿದಳು.

ಲಿಗಿಯಾ ಬಗ್ಗಿ, ಚಾಪೆಯ ಮೇಲಿದ್ದ ಎಡಗಾಲಿನ ಮೂಳೆಯನ್ನು ಎತ್ತಿ ಆ ಕೈಯಲ್ಲಿಟ್ಟಳು.

"ಇನ್ನೊಂದಿದೆ ಅತ್ತೆ."